ಪರ್ಸಿಯಸ್ ಗುಚ್ಛದ ಉಷ್ಣಪ್ಲಾಸ್ಮಾ: ಕೃಷ್ಣರಂಧ್ರ-ತಾಪನವಾದದ ವಿಮರ್ಶೆ

ಸುಮಾರು 24 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಪರ್ಸಿಯಸ್ ಗೆಲಾಕ್ಸಿಗುಚ್ಛವನ್ನು ಕೋಟ್ಯಂತರ ಡಿಗ್ರಿ ಉಷ್ಣತೆಯ ವಿರಳವಾದ ಪ್ಲಾಸ್ಮಾ ವ್ಯಾಪಿಸಿಕೊಂಡಿದೆ. ಅದು ಎಡೆಬಿಡದೆ ಕ್ಷ-ಕಿರಣಗಳನ್ನು ಸೂಸುತ್ತಿದೆ. ಹೀಗೆ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದರೂ ಅದೇಕೆ ತಣಿದುಹೋಗಿಲ್ಲ? ಗುಚ್ಛದ ನಡುವಣ ಎನ್.ಜಿ.ಸಿ. 1275 ಗೆಲಾಕ್ಸಿಯ ಬೃಹತ್ ಕೃಷ್ಣರಂಧ್ರವೇ ಅದನ್ನು ಕಾಯಿಸುತ್ತಿದೆಯೆಂಬ ಉತ್ತರ ಈಗ ಬಹುಮಟ್ಟಿಗೆ ಅಂಗೀಕೃತವಾಗಿದೆ. ಈ ಉತ್ತರದಲ್ಲಿ ಸಿದ್ಧವಾದುದೆಷ್ಟು, ಊಹಿಸಿದುದೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ನೋಡೋಣ. ವಿಕಿರಣದಿಂದಾಗುವ ನಷ್ಟವು ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ದಟ್ಟವಾದ ಕೇಂದ್ರಭಾಗವೇ ಬೇಗ ತಣಿಯಬೇಕು. ಈ ತರ್ಕವನ್ನನುಸರಿಸಿ 1977ರಲ್ಲಿ ಕೌವಿ ಮತ್ತು ಬಿನ್ನಿ, ಹಾಗೂ ಫೇಬಿಯನ್ ಮತ್ತು ನಲ್ಸೆನ್, ತಣಿದ ಅನಿಲವು ಕೇಂದ್ರದತ್ತ ಹರಿಯುವುದೆಂಬ ವಾದವನ್ನು ಮಂಡಿಸಿದರು. ಈ ವಾದದ ಪ್ರಕಾರ ಪ್ರತಿವರ್ಷವೂ ನೂರಾರು ಸೂರ್ಯರಷ್ಟು ದ್ರವ್ಯ ಕೇಂದ್ರದಲ್ಲಿ ಶೇಖರವಾಗಬೇಕು. ಅಷ್ಟು ಪ್ರಮಾಣದ ಹೊಸ ನಕ್ಷತ್ರಗಳಾಗಲಿ ತಂಪಾದ ಅನಿಲವಾಗಲಿ ಕಾಣಲಿಲ್ಲ. 1999ರಲ್ಲಿ ಹಾರಿಸಲಾದ ಎಕ್ಸ್‌.ಎಂ.ಎಂ.-ನ್ಯೂಟನ್ ಉಪಗ್ರಹವು ಇಂಥ ಗುಚ್ಛಗಳಿಂದ ಪಡೆದ ರೋಹಿತಗಳಲ್ಲಿ, ಹೊರಗಿನ ಉಷ್ಣತೆಯ ಮೂರನೆಯ ಒಂದಂಶಕ್ಕಿಂತ ಕೆಳಗಿಳಿದ ಅನಿಲದಿಂದ ಬರಬೇಕಾದ ಕಬ್ಬಿಣದ ರೇಖೆಗಳು ನಿರೀಕ್ಷಿಸಿದ ಪ್ರಮಾಣದಲ್ಲಿ ದೊರೆಯಲಿಲ್ಲ. ಅಲ್ಲಿಗೆ ಹಳೆಯ ವಾದ ತನ್ನ ಮೂಲರೂಪದಲ್ಲಿ ನಿಲ್ಲದಾಯಿತು.

ತಾಪನವಾದದ ಬಲ ಪ್ರತ್ಯಕ್ಷ ಪ್ರಮಾಣದಲ್ಲಿದೆ. 1993ರಲ್ಲಿ ರೋಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ಕಂಡುಬಂದ, ಅನಂತರ ಚಂದ್ರ ದೂರದರ್ಶಕವು ಸ್ಪಷ್ಟಪಡಿಸಿದ ಕುಹರಗಳು ರೇಡಿಯೋ ಸೂಸುವ ಹಾಲೆಗಳೊಡನೆ ಹೊಂದಿಕೊಂಡಿವೆ. ಕೃಷ್ಣರಂಧ್ರದ ಸಮೀಪದಿಂದ ಚಿಮ್ಮಿದ ಧಾರೆಗಳು ಪ್ಲಾಸ್ಮಾವನ್ನು ತಳ್ಳಿವೆಯೆಂಬುದನ್ನು ಅಲ್ಲಗಳೆಯಲಾಗದು. ಕುಹರದ ಒತ್ತಡವನ್ನು ಗಾತ್ರದಿಂದ ಗುಣಿಸಿ, ಅದರ ನಾಲ್ಕರಷ್ಟನ್ನು ಶಕ್ತಿಯೆಂದು ಎಣಿಸಿದರೆ ವಿಕಿರಣದ ನಷ್ಟಕ್ಕೆ ಸಾಲುವಷ್ಟಾಗುತ್ತದೆ. ಆದರೆ ಈ ನಾಲ್ಕೆಂಬ ಗುಣಕವು ಕುಹರದೊಳಗಿನ ಕಣಗಳು ಬೆಳಕಿನ ವೇಗಕ್ಕೆ ಸಮೀಪದಲ್ಲಿ ಚಲಿಸುತ್ತಿರುವುವೆಂಬ ಭಾವನೆಯನ್ನು ಅವಲಂಬಿಸಿದೆ. ಸಾಮಾನ್ಯ ಅನಿಲವಾದರೆ ಅದು ಎರಡೂವರೆ ಮಾತ್ರ. ಕುಹರದ ವಯಸ್ಸೂ ಅಂದಾಜೇ. ಆದುದರಿಂದ ಸಿದ್ಧವಾಗಿರುವುದು ಶಕ್ತಿಯ ಪರ್ಯಾಪ್ತತೆಯೇ ಹೊರತು ಅದರ ವಿತರಣೆಯಲ್ಲ. ಜಮಾಖರ್ಚು ಸರಿಹೊಂದಿದ ಮಾತ್ರಕ್ಕೆ ಹಣ ಕೈಸೇರಿದ ದಾರಿ ತಿಳಿದಂತಾಗದು.

ವಿತರಣೆಗೆ ಪ್ರಕ್ಷೋಭವೇ ಮಾರ್ಗವೆಂದು ಹಲವರ ಮತ. 2016ರ ಫೆಬ್ರವರಿಯಲ್ಲಿ ಮೇಲೇರಿ ಮರುತಿಂಗಳೇ ನಷ್ಟವಾದ ಜಪಾನಿನ ಹಿಟೋಮಿ ಉಪಗ್ರಹವು ಪರ್ಸಿಯಸ್ಸಿನ ಕೇಂದ್ರಭಾಗದಲ್ಲಿ ದೃಷ್ಟಿರೇಖೆಯ ವೇಗವಿಸ್ತಾರವನ್ನು ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಎಂದು ಅಳೆಯಿತು. ಇದರಿಂದ ದೊರೆಯುವ ಪ್ರಕ್ಷೋಭದ ಒತ್ತಡ ಉಷ್ಣದ ಒತ್ತಡದ ಶೇಕಡ 4ರಷ್ಟು. ತಣಿಯುವ ಕಾಲವನ್ನು 100 ಕೋಟಿ ವರ್ಷವೆಂದಿಟ್ಟುಕೊಂಡರೆ ಈ ಅಲ್ಪ ಶಕ್ತಿ ಸುಮಾರು 4 ಕೋಟಿ ವರ್ಷಗಳಲ್ಲಿ ವ್ಯಯವಾಗುತ್ತದೆ; ಆ ಅವಧಿಯಲ್ಲಿ ಅಷ್ಟು ವೇಗದಿಂದ ಕ್ರಮಿಸಬಹುದಾದ ದೂರ ಸುಮಾರು 22,000 ಜ್ಯೋತಿರ್ವರ್ಷ. ತಣಿಯುತ್ತಿರುವ ಪ್ರದೇಶವಾದರೋ ಲಕ್ಷಾಂತರ ಜ್ಯೋತಿರ್ವರ್ಷಗಳಷ್ಟು ಹರಡಿದೆ. ಕೇಂದ್ರದಲ್ಲಿ ಹುಟ್ಟಿದ ಪ್ರಕ್ಷೋಭವೊಂದೇ ಅಂಚಿನವರೆಗೆ ತಾಪವನ್ನು ಒಯ್ಯಲಾರದು.

ಇನ್ನು ಶಬ್ದತರಂಗಗಳ ಪಕ್ಷ. ಚಂದ್ರ ದೂರದರ್ಶಕದ ಚಿತ್ರಗಳಲ್ಲಿ ಕಂಡ ಅಲೆಗಳನ್ನು 2003ರಲ್ಲಿ ಶಬ್ದತರಂಗಗಳೆಂದು ವ್ಯಾಖ್ಯಾನಿಸಲಾಯಿತು; ಕೃಷ್ಣರಂಧ್ರ ಹಾಡುತ್ತಿದೆಯೆಂಬ ಜನಪ್ರಿಯ ಮಾತು ಹುಟ್ಟಿದ್ದು ಅಲ್ಲಿಂದ. ಸೆಕೆಂಡಿಗೆ ಸುಮಾರು 1,000 ಕಿಲೋಮೀಟರ್ ಸಾಗುವ ಈ ತರಂಗಗಳಿಗೆ ದೂರ ತೊಡಕಲ್ಲ. ಆದರೆ ಅವು ದಾರಿಯಲ್ಲಿ ಎಷ್ಟು ತಾಪವನ್ನು ಬಿಟ್ಟುಕೊಡುವುವು ಎಂಬುದು ಪ್ಲಾಸ್ಮಾದ ಸ್ನಿಗ್ಧತೆ ಮತ್ತು ಉಷ್ಣವಾಹಕತೆಗಳನ್ನು ಹೊಂದಿದೆ. ಕಾಂತಕ್ಷೇತ್ರವು ಇವೆರಡನ್ನೂ ಕುಗ್ಗಿಸಬಲ್ಲದು. ರೂಪಕದ ಸೊಗಸು ಗುಣಾಂಕದ ಸ್ಥಾನವನ್ನು ತುಂಬಲಾರದು.

ಹಿಟೋಮಿ ಅಳೆದದ್ದು ಕೇಂದ್ರದ ಸಣ್ಣ ಭಾಗವನ್ನು ಮಾತ್ರ, ಅದೂ ದೃಷ್ಟಿರೇಖೆಯ ಚಲನೆಯನ್ನಷ್ಟೆ, ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 2023ರಲ್ಲಿ ಹಾರಿಸಲಾದ ಕ್ರಿಸ್ಮ್ ಉಪಗ್ರಹದಂಥ ಉಪಕರಣಗಳಿಂದ ಕೇಂದ್ರದಿಂದ ಅಂಚಿನವರೆಗೆ ವೇಗವು ಹೇಗೆ ಬದಲಾಗುತ್ತದೆಂಬುದನ್ನು ಅಳೆಯುವುದೇ ಈ ವಾದದ ನಿಜವಾದ ಪರೀಕ್ಷೆ. ಕೃಷ್ಣರಂಧ್ರವು ಒಲೆಯೆಂಬುದು ಸಿದ್ಧವಾಗಿದೆ. ಒಲೆಯ ಕಾವು ಮನೆಯ ಮೂಲೆಮೂಲೆಗೂ ಮುಟ್ಟುವ ಬಗೆ ಇನ್ನೂ ಸಿದ್ಧವಾಗಬೇಕಾಗಿದೆ.