ತಲಾಖಿನ ಕತೆಗಳಲ್ಲಿ ಕಾಣದ ಆ ಇಬ್ಬರು

ಕನ್ನಡದ ಮುಸ್ಲಿಮ್ ಕಥನದಲ್ಲಿ ವಿಚ್ಛೇದನವೆಂದರೆ ಬಹುತೇಕ ಒಂದು ಗಾಯ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಂದಿನಿಂದ ನಾವು ಆ ಗಾಯವನ್ನು ಓದುತ್ತಾ ಬಂದಿದ್ದೇವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ಜಗತ್ತೂ ಓದಿತು. ಆದರೆ ಇವನ್ನೆಲ್ಲ 'ತಲಾಖಿನ ಕ್ರೌರ್ಯ' ಎಂಬ ಒಂದೇ ಮಾತಿನಲ್ಲಿ ಮುಗಿಸುವ ವಿಮರ್ಶೆ ಸಾಲದು.

'ಚಂದ್ರಗಿರಿ'ಯ ನಾದಿರಾ ಮತ್ತು ರಶೀದರ ನಡುವೆ ವಿರಸವಿಲ್ಲ. ಮುನಿಸಿರುವುದು ಮಾವ ಅಳಿಯಂದಿರ ನಡುವೆ, ಅದೂ ಹಣದ ವಿಷಯಕ್ಕೆ. ತಂದೆ ಮಹಮ್ಮದ್ ಖಾನ್ ಮಗಳನ್ನು ತವರಿನಲ್ಲೇ ಉಳಿಸಿಕೊಂಡು ತಲಾಖ್ ಪಡೆದೇ ಬಿಡುತ್ತಾನೆ. ಮರಳಿ ಗಂಡನನ್ನು ಸೇರಲು ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ನಿಕಾಹ್ ಆಗಬೇಕೆಂದಾಗ ಅವಳು ಮಸೀದಿಯ ಕೊಳದ ಪಾಲಾಗುತ್ತಾಳೆ. ಬಾನು ಅವರ 'ಎದೆಯ ಹಣತೆ'ಯಲ್ಲಿ ಇದರ ತಿರುವುಮುರುವು. ಗಂಡ ಬೇರೊಬ್ಬಳನ್ನು ಸೇರಿದ್ದಾನೆ. ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರು ಮಾನಮರ್ಯಾದೆಯ ಮಾತಾಡಿ ಮತ್ತೆ ಅದೇ ಮನೆಗೆ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ಹಿರಿಮಗಳು.

ಒಂದರಲ್ಲಿ ಉಳಿಯಬೇಕಿದ್ದ ದಾಂಪತ್ಯವನ್ನು ಮುರಿದರು, ಇನ್ನೊಂದರಲ್ಲಿ ಮುರಿದುಹೋದದ್ದನ್ನು ಬಲವಂತದಿಂದ ಹೊಲಿದರು. ಎರಡು ಕಡೆಯೂ 'ನಿನಗೇನು ಬೇಕು ತಾಯಿ?' ಎಂದು ಕೇಳಿದವರಿಲ್ಲ. ಕೇಳಬೇಕಾದವರು ಯಾರೆಂಬುದನ್ನು ಕುರ್‌ಆನ್ ಹೇಳಿದೆ. ವಿರಸದ ಭಯವಿದ್ದಲ್ಲಿ ಗಂಡನ ಕಡೆಯ ಒಬ್ಬರು, ಹೆಂಡತಿಯ ಕಡೆಯ ಒಬ್ಬರು ಮಧ್ಯಸ್ಥರಾಗಬೇಕೆಂಬುದು ಸೂರಃ ಅನ್ನಿಸಾದ 35ನೆಯ ಸೂಕ್ತದ ಆದೇಶ. ಕೂಡಿ ಬಾಳಲಾಗದಿದ್ದರೆ ಸೌಜನ್ಯದಿಂದ ಬಿಟ್ಟುಕೊಡಬೇಕೆಂಬುದು ಅಲ್‌ಬಕರದ 229ನೆಯ ಸೂಕ್ತ. ಇಬ್ಬರೂ ಒಪ್ಪಿ ಬೇರ್ಪಡುವ ಕ್ರಮಕ್ಕೆ 'ಮುಬಾರಾತ್' ಎಂಬ ಹೆಸರೇ ಇದೆ. 1937ರ ಷರೀಅತ್ ಅನ್ವಯ ಕಾಯ್ದೆಯಲ್ಲೂ ಆ ಪದವಿದೆ. ನಮ್ಮ ಕತೆಗಳಲ್ಲಿ ಆ ಇಬ್ಬರೂ ಇಲ್ಲ, ಈ ಪದವೂ ಇಲ್ಲ.

ಹಾಗೆಂದು ನಮ್ಮಲ್ಲಿ ಪಂಚಾಯ್ತಿಗೆ ಬರವಿಲ್ಲ. ಯಾದಗಿರಿ ಸೀಮೆಯ ಬಳಿಚಕ್ರದಂತಹ ಊರುಗಳಲ್ಲಿ ಮದುವೆಯ ಜಗಳ ಮೊದಲು ಬರುವುದು ಜಮಾಅತಿನ ಹಿರಿಯರ ಮುಂದೆಯೇ ಹೊರತು ಕೋರ್ಟಿಗಲ್ಲ. ಕೋರ್ಟಿನ ಖರ್ಚು, ಅಲೆದಾಟ, ಹಗೆತನ ತಪ್ಪುವುದಾದರೆ ಅದು ಒಳ್ಳೆಯದೇ. ಆದರೆ ಎರಡೂ ಕಡೆಯ ಗಂಡಸರು ಮಹರ್, ಪಾತ್ರೆ ಪಗಡೆಗಳ ಲೆಕ್ಕ ಹಾಕುತ್ತಿರುವಾಗ ಹೆಣ್ಣುಮಗಳು ಬಾಗಿಲ ಹಿಂದೆಯೇ ಇದ್ದರೆ ಅದು ಮಧ್ಯಸ್ಥಿಕೆಯಲ್ಲ, ಅವಳ ಬಗ್ಗೆ ಇತರರು ಮಾಡಿಕೊಂಡ ಒಪ್ಪಂದ. ಮೆಹರುನ್‌ಳ ಅಣ್ಣತಮ್ಮಂದಿರೂ ತಾವು ಮನೆ ಉಳಿಸಿದೆವೆಂದೇ ನಂಬಿದ್ದಾರು.

ಇಲ್ಲಿ ಕೋರ್ಟಿನ ಪದ್ಧತಿಯಿಂದ ಕಲಿಯಬೇಕಾದದ್ದಿದೆ. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರದಂತಹ ಕಡೆ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಕೇಳುತ್ತಾರೆ, ಬೇಕಾದರೆ ಬೇರೆಬೇರೆಯಾಗಿಯೂ ಕೇಳುತ್ತಾರೆ. ಆಡಿದ ಮಾತು ಹೊರಗೆ ಹೋಗುವುದಿಲ್ಲ. ಜೀವನಾಂಶ, ಮಕ್ಕಳ ಪೋಷಣೆ, ಅವರನ್ನು ಕಾಣುವ ದಿನ ಎಲ್ಲವೂ ಒಪ್ಪಿದ ಮೇಲೆ ಬರಹಕ್ಕಿಳಿಯುತ್ತವೆ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕನ್ನು 1987ರ ಕಾಯ್ದೆಯೇ ಕೊಟ್ಟಿದೆ. ತಲಾಖಿಗೆ ಮುನ್ನ ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನದ ಯತ್ನ ನಡೆದಿರಬೇಕೆಂದು ಸುಪ್ರೀಮ್ ಕೋರ್ಟ್ 2002ರ ಶಮೀಮ್ ಆರಾ ತೀರ್ಪಿನಲ್ಲಿ ಹೇಳಿತು. 2019ರ ಕಾಯ್ದೆ ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿ, ಮೂರು ವರ್ಷದವರೆಗೆ ಜೈಲುಶಿಕ್ಷೆಯ ಅಪರಾಧವೆಂದಿತು. ಕೆಟ್ಟ ಬಾಗಿಲೊಂದು ಮುಚ್ಚಿತು, ಸರಿ. ಮರ್ಯಾದೆಯಿಂದ ಹೊರಬರುವ ಬಾಗಿಲನ್ನು ಜನರಿಗೆ ತೋರಿಸುವವರು ಯಾರು?

ಸಾರಾ, ಬಾನು ಅವರು ಗಾಯವನ್ನು ಬರೆಯದಿದ್ದರೆ ಈ ಪ್ರಶ್ನೆ ಕೇಳುವ ಧೈರ್ಯವೇ ನಮಗೆ ಬರುತ್ತಿರಲಿಲ್ಲ. ಆ ಋಣ ದೊಡ್ಡದು. ಅವರ ನಂತರದ ಕತೆಗಾರರು ಬೇರ್ಪಟ್ಟೂ ಒಬ್ಬರನ್ನೊಬ್ಬರು ಬೈಯದ, ಈದ್‌ನ ದಿನ ಮಗುವನ್ನು ಅಪ್ಪನ ಮನೆಗೆ ಕಳಿಸಿಕೊಡುವ ಹೆಣ್ಣಿನ ಕತೆಯನ್ನೂ ಬರೆಯಬೇಕು. ಜಮಾಅತಿನ ಹಿರಿಯರು ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ: ಮಾತುಕತೆಗೆ ಕೂಡುವ ಮುನ್ನ ಆ ಹೆಣ್ಣುಮಗಳನ್ನು ಒಳಗೆ ಕರೆದು ಕೂಡಿಸಬೇಕು.