ಏಕಲವ್ಯನ ಮಣ್ಣು, ನಮ್ಮ ಮೈಬಣ್ಣ

ಏಕಲವ್ಯನ ಮೇಲೆ ನಾವು ಎಷ್ಟು ಪದ್ಯ ಬರೆದಿದ್ದೇವೆ! ನಾನೂ ಬರೆದಿದ್ದೇನೆ. ಎಲ್ಲ ಪದ್ಯಗಳಲ್ಲೂ ಬಿಲ್ಲು ಇದೆ, ಬಾಣ ಇದೆ, ಕೊಯ್ದುಕೊಟ್ಟ ಹೆಬ್ಬೆರಳು ಇದೆ. ಆದರೆ ಬಿಲ್ಲಿಗೆ ಕೈ ಹಾಕುವ ಮೊದಲು ಆ ಬೇಡರ ಹುಡುಗ ಏನು ಮಾಡಿದ? ಮಣ್ಣು ಕಲಸಿದ. ನೋಡಿ ಬಂದ ಮುಖವನ್ನು ನೆನಪಿನಿಂದಲೇ ಮಣ್ಣಿನಲ್ಲಿ ಮಾಡಿ ನಿಲ್ಲಿಸಿದ. ಅಂದರೆ ಬಿಲ್ಲುಗಾರನಾಗುವ ಮೊದಲೇ ಅವನು ಶಿಲ್ಪಿಯಾಗಿದ್ದ. ಆ ವಿದ್ಯೆ ಅವನಿಗೆ ಯಾರು ಕಲಿಸಿದರು? ಪುರಾಣ ಈ ಪ್ರಶ್ನೆ ಕೇಳಲಿಲ್ಲ. ನಾವೂ ಕೇಳಲಿಲ್ಲ. ಬೆರಳು ಹೋದಾಗ ಬಾಣದ ಜೊತೆ ಮಣ್ಣೂ ಅವನ ಕೈಯಿಂದ ಜಾರಿತು ಎಂಬುದು ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಅಷ್ಟು ಬಲ್ಲ ಕೈ ಮಾಡಿದ್ದು ಯಾರ ಮುಖ? ದ್ರೋಣನದು. ಅವ್ವನದಲ್ಲ, ಅಪ್ಪನದಲ್ಲ, ಹಟ್ಟಿಯ ಯಾರದೂ ಅಲ್ಲ. ತನ್ನನ್ನು ಹೊರಗಟ್ಟಿದವನ ಮುಖವನ್ನೇ ಅವನು ಕೂರಿಸಿಕೊಂಡ. ತಾನೇ ಚಿತ್ರ ಕಲಿಯುವ ನಮ್ಮ ಹುಡುಗರ ಬಗ್ಗೆ ಬರೆಯಬೇಕೆಂದಾಗಲೆಲ್ಲ ನನಗೆ ಈ ಮಣ್ಣಿನ ದ್ರೋಣ ಅಡ್ಡ ಬಂದು ನಿಲ್ಲುತ್ತಾನೆ.

'ಗುರುವಿಲ್ಲದೆ ಕಲಿತ ಕಲಾವಿದ' ಎಂಬ ಮಾತನ್ನು ಪತ್ರಿಕೆಗಳು ಬಹಳ ಮೆಚ್ಚಿ ಬರೆಯುತ್ತವೆ. ಈ ಹೆಸರು ಯಾರಿಗೆ ಶೋಭಿಸುತ್ತದೆ, ಯಾರಿಗೆ ಶೋಭಿಸುವುದಿಲ್ಲ ನೋಡಿ. ರಾಜಾ ರವಿವರ್ಮನಿಗೆ ತಿರುವಾಂಕೂರಿನ ಆಸ್ಥಾನದಲ್ಲಿದ್ದ ರಾಮಸ್ವಾಮಿ ನಾಯ್ಡು ತೈಲವರ್ಣದ ಗುಟ್ಟು ಹೇಳಿಕೊಡಲಿಲ್ಲ. 1868ರಲ್ಲಿ ಅಲ್ಲಿಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಕೂಡ ತಾನು ಬಿಡಿಸುವುದನ್ನು ನೋಡಲಿಕ್ಕೆ ಬಿಟ್ಟನೇ ಹೊರತು ಕಲಿಸಲಿಲ್ಲ. ರವಿವರ್ಮ ನೋಡಿ ನೋಡಿಯೇ ಕಲಿತ. ಅವನ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ 'ನೋಡಲಿಕ್ಕೆ' ಅವನು ನಿಂತಿದ್ದ ಜಾಗ ಅರಮನೆ. ಅಂಗಳದಾಚೆ ನಿಂತವನಿಗೆ ನೋಡುವ ಹಕ್ಕು ಕೂಡ ಇರಲಿಲ್ಲ. ರವಿವರ್ಮ ಕದ್ದು ನೋಡಿ ಕಲಿತರೆ ಪ್ರತಿಭೆ; ನಮ್ಮ ಹುಡುಗ ಗೋಡೆ ಮೇಲೆ ಗೀಚಿದರೆ ಕಿಡಿಗೇಡಿತನ.

ನಮ್ಮ ಸೀಮೆಯಲ್ಲಿ ಚಿತ್ರದ ವಿದ್ಯೆಗೆ ಬಾಗಿಲು ಇರಲಿಲ್ಲ ಎಂದಲ್ಲ. ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಅದು ಅಪ್ಪನಿಂದ ಮಗನಿಗೆ ಬಂತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಹುಬ್ಬಳ್ಳಿಯಲ್ಲಿ ಮಿಣಜಿಗಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿದರು. ಕಲೆಗೆ ಅನ್ನ ಇಲ್ಲದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ. ಆದರೆ ಮನೆತನದ ಬಾಗಿಲು ಜಾತಿಯಿಂದ ತೆರೆಯುತ್ತದೆ, ಶಾಲೆಯ ಬಾಗಿಲು ದುಡ್ಡಿನಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ಹೆಸರು ಕೊಟ್ಟೆ. ಬಣ್ಣದ ಡಬ್ಬಿ, ಬ್ರಷ್ಷು, ಪ್ಯಾಡು ನಾವೇ ಒಯ್ಯಬೇಕಿತ್ತು. ಅವ್ವನ ಎರಡು ದಿನದ ಕೂಲಿ. ನಾನು ಹೆಸರು ವಾಪಸ್ ತಗೊಂಡೆ. ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ. ವ್ಯವಸ್ಥೆ ಈಗ ಹಾಗೆ ಹೊರಗೆ ಹಾಕುವುದಿಲ್ಲ. ನಾವೇ ಹೊರಗೆ ಹೋಗುವಂತೆ ಪಟ್ಟಿ ಬರೆದುಕೊಡುತ್ತದೆ.

ನನಗೆ ಉಳಿದದ್ದು ಮೂರನೇ ಬಾಗಿಲು: ಹುಬ್ಬಳ್ಳಿಯ ಓಣಿಯೊಂದರಲ್ಲಿ ಬೋರ್ಡು ಬರೆಯುವ ನನ್ನ ಸೋದರಮಾವನ ಅಂಗಡಿ. ಅವನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ. ಸೂಟಿಯಲ್ಲಿ ಬ್ರಷ್ಷು ತೊಳೆಯಲು ಹೋಗಿ ನಾನು ಕಲಿತದ್ದು ಇಷ್ಟು. ಸಣ್ಣ ಫೋಟೋದ ಮೇಲೆ ಪೆನ್ಸಿಲಿನಿಂದ ಚೌಕ ಮನಿ ಹಾಕುವುದು. ಅಷ್ಟೇ ಮನಿಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕುವುದು. ನೀಲಿಪುಡಿ ಸವರಿದ ದಾರವನ್ನು ಎರಡೂ ತುದಿಗೆ ಬಿಗಿಹಿಡಿದು ಮೀಟಿದರೆ ನೆಟ್ಟಗಿನ ಗೆರೆ ಬೀಳುತ್ತದೆ. ಒಂದೇ ಚಿತ್ರ ಹತ್ತು ಕಡೆ ಬೇಕಾದರೆ ಕಾಗದಕ್ಕೆ ಸೂಜಿಯಿಂದ ತೂತು ಹೊಡೆದು, ಮೇಲೆ ಇದ್ದಲಿಪುಡಿಯ ಬಟ್ಟೆಗಂಟು ತಟ್ಟುವುದು.

ನಾನು ಮೂಗು ತಪ್ಪಿಸಿದಾಗ ಮಾವ ಹೇಳಿದ:

"ಮೂಗು ಅಂತ ನೋಡಬ್ಯಾಡಲೇ. ಮನಿ ನೋಡು. ಈ ಮನ್ಯಾಗ ಗೆರಿ ಹ್ಯಾಂಗ ಹೊಂಟೈತಿ, ಅಷ್ಟ ತಗಿ. ಮೂಗು ತಾನ ಬರತೈತಿ."

ನಮಗೆ ಮೂಗು ಗೊತ್ತಿದೆ ಎಂಬ ಅಹಂಕಾರವೇ ಮೂಗನ್ನು ಕೆಡಿಸುತ್ತದೆ. ಮುಂದೆ ಧಾರವಾಡದ ಕಾಲೇಜಿನಲ್ಲಿ ಸಾಹಿತ್ಯ ವಿಮರ್ಶೆ ಓದಿದೆ. ಗೊತ್ತಿದ್ದದ್ದನ್ನು ಬಿಟ್ಟು ಇದ್ದದ್ದನ್ನು ನೋಡು ಎಂಬ ಪಾಠವನ್ನು ಅಲ್ಲಿ ನನಗೆ ಯಾರೂ ಇಷ್ಟು ಚೊಕ್ಕವಾಗಿ ಹೇಳಿಕೊಡಲಿಲ್ಲ.

ಹಾಗಾಗಿ ಮಾವ ಗುರುವಿಲ್ಲದೆ ಕಲಿತವ ಎನ್ನುವುದು ಸುಳ್ಳು. ಅವನಿಗೆ ಒಬ್ಬ ಕಲಿಸಿದ್ದ, ಆ ಒಬ್ಬನಿಗೆ ಇನ್ನೊಬ್ಬ. ಸರ್ಟಿಫಿಕೇಟು ಇಲ್ಲದ ಗುರುಪರಂಪರೆಯನ್ನು ಮೇಲಿನವರು 'ಪರಂಪರೆ' ಎಂದು ಎಣಿಸುವುದಿಲ್ಲ, ಅಷ್ಟೇ. ಆಮೇಲೆ ಫ್ಲೆಕ್ಸ್ ಬಂತು. 2016ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆದರೂ ಚನ್ನಮ್ಮ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿ ನೋಡಿ, ನಿಷೇಧ ಎಲ್ಲಿದೆ? ಮಾವ ಈಗ ಸಾಲಿ ಗೋಡೆಗೆ ವರ್ಣಮಾಲೆ, ಗಾಡಿಗೆ ನಂಬರು ಬರೆಯುತ್ತಾನೆ.

ಇಷ್ಟು ಹೇಳಿ ಮುಗಿಸಿದರೆ ಇದು ಹೊಗಳಿಕೆಯಾಗುತ್ತದೆ. ಹೊಗಳಿಕೆ ನಮ್ಮ ಜನಕ್ಕೆ ಬೇಕಾಗಿಲ್ಲ.

ಮಾವನ ಅಂಗಡಿಯ ಡಬ್ಬಿಯೊಂದಕ್ಕೆ 'ಮೈಬಣ್ಣ' ಎಂದು ಹೆಸರು. ಬಿಳಿಗೆ ಕೊಂಚ ಕೆಂಪು, ಕೊಂಚ ಹಳದಿ ಬೆರೆಸಿದ್ದು. ನಮ್ಮ ಸಾಲಿ ಮಕ್ಕಳ ಕ್ರೆಯಾನ್ ಡಬ್ಬಿಯಲ್ಲೂ ಇದೇ ತಿಳಿಗುಲಾಬಿ ಕಡ್ಡಿಗೆ ಮಕ್ಕಳು 'ಸ್ಕಿನ್ ಕಲರ್' ಅನ್ನುತ್ತಾರೆ. ಯಾರ ಮೈಯ ಬಣ್ಣ ಇದು? ಕುಂದಗೋಳದ ಎರಿ ಹೊಲದಲ್ಲಿ ಕಳೆ ತೆಗೆಯುವ ಯಾರ ಮೈಯೂ ಹೀಗಿಲ್ಲ. ಆದರೂ ಮಾವ ನಮ್ಮ ಕೇರಿಯ ಗೋಡೆಗೆ ಬಾಬಾಸಾಹೇಬರನ್ನು ಬರೆದಾಗ, ಅವರ ಪಕ್ಕದಲ್ಲಿ ಪುಸ್ತಕ ಹಿಡಿದ ಮಗು, ಬುಟ್ಟಿ ಹೊತ್ತ ಹೆಣ್ಣುಮಗಳು, ಸಲಿಕೆ ಹಿಡಿದ ಗಂಡಸು ಎಲ್ಲರೂ ಅದೇ ಡಬ್ಬಿಯಿಂದ ಬಂದರು. ಬಾಬಾಸಾಹೇಬರ ಮೈಬಣ್ಣ ಎಂಥದಿತ್ತು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅವರ ಸುತ್ತ ನಿಂತ ನಾವು ಯಾಕೆ ನಮ್ಮ ಹಾಗಿಲ್ಲ ಎಂಬುದು ಪ್ರಶ್ನೆ. ಕೇಳಿದೆ. ಮಾವ ಬ್ರಷ್ಷು ಕೆಳಗಿಡದೆ ಅಂದ, "ಕರ್ರಗ ಬರದ್ರ ಮಂದಿ ರೊಕ್ಕಾ ಕೊಡಂಗಿಲ್ಲೋ ತಮ್ಮಾ. ನಮ್ಮ ಮಂದೀನ ಕೊಡಂಗಿಲ್ಲ."

ಗೆಳೆಯರೆ, ಇದು ಮಣ್ಣಿನ ದ್ರೋಣ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವನ ಲಕ್ಷ್ಮಿ ಸರಸ್ವತಿಯರು ಅಚ್ಚಾಗಿ ಮನೆಮನೆಗೆ ಹೋದರು. ಗುಡಿಯೊಳಗೆ ಬಿಡದ ದೇವರು ನಮ್ಮ ಗುಡಿಸಲಿಗೆ ಕಾಗದವಾಗಿ ಬಂತು. ಅದರ ಜೊತೆಗೇ ಚೆಲುವೆಂದರೆ ಬಿಳುಪು ಎಂಬ ತೀರ್ಪೂ ಬಂತು. ಯಾರೂ ಕಲಿಸದಿದ್ದಾಗ ನಾವು ಕ್ಯಾಲೆಂಡರಿನಿಂದ ಕಲಿಯುತ್ತೇವೆ. ಶಾಲೆಯ ಹೊರಗೆ ಕಲಿತ ಮಾತ್ರಕ್ಕೆ ಕಣ್ಣು ಬಿಡುಗಡೆಯಾಗುವುದಿಲ್ಲ. ನಮ್ಮ ಕಾವ್ಯ 1970ರ ದಶಕದಲ್ಲಿ ಕೇರಿಯ ಮಾತನ್ನು ಪುಟಕ್ಕೆ ತಂದಿತು, ನಾಚಿಕೆ ಬಿಟ್ಟಿತು. ನಮ್ಮ ಗೋಡೆಯ ಬಣ್ಣ ಇನ್ನೂ ನಾಚಿಕೆ ಬಿಟ್ಟಿಲ್ಲ.

ಬೇರೆ ದಾರಿ ಇದೆ. ಚಿತ್ತಪ್ರಸಾದ್ ಯಾವ ಕಲಾಶಾಲೆಯಲ್ಲೂ ಕಲಿತವನಲ್ಲ. ತನ್ನ ಬ್ರಾಹ್ಮಣ ಅಡ್ಡಹೆಸರನ್ನು ಕಿತ್ತು ಒಗೆದವ. 1943ರ ಬಂಗಾಳದ ಬರಗಾಲದಲ್ಲಿ ಮೇದಿನೀಪುರದ ಹಳ್ಳಿಗಳನ್ನು ತಿರುಗಿ, ಕರಿ ಮಸಿಯಲ್ಲಿ ಹಸಿದವರನ್ನು ಬರೆದ. ಬ್ರಿಟಿಷ್ ಸರ್ಕಾರ ಆ ಪುಸ್ತಕದ ಪ್ರತಿಗಳನ್ನು ಸುಟ್ಟಿತು. ಅವನು ಮುಂದೆ ಕುಳಿತವರ ಎಲುಬು ನೋಡಿ ಗೆರೆ ಎಳೆದ, ಕ್ಯಾಲೆಂಡರ್ ನೋಡಲಿಲ್ಲ. ಇನ್ನೊಬ್ಬರು ನಮ್ಮ ಬಾಬಾಸಾಹೇಬರೇ. 1929ರಲ್ಲಿ ನಮ್ಮ ಹುಡುಗರಿಗಾಗಿ ಧಾರವಾಡದಲ್ಲಿ ಹಾಸ್ಟೆಲ್ ತೆರೆಸಿದ ಅವರು, ಬದುಕಿನ ಕೊನೆಯ ವರ್ಷಗಳಲ್ಲಿ, ಅಷ್ಟು ಕೆಲಸದ ನಡುವೆ, ಮೈ ಸೋತಾಗ, ಬ್ರಷ್ಷು ಹಿಡಿದು ಚಿತ್ರ ಕಲಿಯಲು ಕೂತರು. ಅವರಿಗೆ ಕಣ್ಣು ಮುಚ್ಚಿದ ಬುದ್ಧ ಬೇಡವಾಗಿದ್ದ, ಕಣ್ಣು ತೆರೆದ ಬುದ್ಧನನ್ನೇ ಬರೆದರು ಎಂದು ನಮ್ಮ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ಕಲಿಯಲಿಕ್ಕೆ ಕೂತವರು ಇದ್ದ ಮಾದರಿಯನ್ನೇ ತಿದ್ದಿದರು. ಹಾಗೆ ಕಲಿಯಬೇಕು.

ಹೋದ ಬ್ಯಾಸಿಗೆಯಲ್ಲಿ ನಾನು ಅವ್ವನನ್ನು ಬರೆದೆ. ಆ ಡಬ್ಬಿ ಮುಟ್ಟಲಿಲ್ಲ. ಕೆಂಪಿಗೆ ಹಳದಿ ಬೆರೆಸಿ, ಹನಿಹನಿ ನೀಲಿ ಬಿಟ್ಟರೆ ಕಂದು ಬರುತ್ತದೆ. ಬಿಸಿಲು ಬಿದ್ದ ಕಡೆ ಹಳದಿ ಹೆಚ್ಚು, ಕೊರಳ ಕೆಳಗೆ ನೀಲಿ ಹೆಚ್ಚು. ನಮ್ಮ ಮೈ ಒಂದು ಬಣ್ಣವಲ್ಲ, ಹತ್ತು ಬಣ್ಣ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವ್ವ ಬಂದು ನೋಡಿದಳು.

"ಇಷ್ಟ ಕರ್ರಗ ಯಾಕ ಮಾಡೀಯೋ ಯಪ್ಪಾ?"

ನಾನು ಅವಳ ಕೈ ಹಿಡಿದು ಕಾಗದದ ಮಗ್ಗುಲಿಗೆ ಇಟ್ಟೆ. ಬಹಳ ಹೊತ್ತು ಎರಡನ್ನೂ ನೋಡಿದಳು.

"ಕೈ ಖರೇನ ಹಂಗ ಐತಿ ಬಿಡು. ಆದ್ರ ಮಂದೀಗೆ ತೋರಸಬ್ಯಾಡ."

ಆ ಚಿತ್ರ ಇನ್ನೂ ಟ್ರಂಕಿನಲ್ಲಿದೆ. ಅವಳ ಮಾತು ಮೀರಿ ತೋರಿಸಲೇ, ಬೇಡವೇ ಎಂದು ನನಗೆ ಇನ್ನೂ ತಿಳಿದಿಲ್ಲ. ಚಿತ್ರ ತಪ್ಪಾಗಿದ್ದರೆ ತಿದ್ದಬಹುದಿತ್ತು. ಚಿತ್ರ ಸರಿಯಿದೆ. ತಿದ್ದಬೇಕಾದ್ದು ಅವಳ ಕಣ್ಣಿಗೆ ನಾಚಿಕೆ ತುಂಬಿದ ಲೋಕವನ್ನು. ಅದು ನನ್ನೊಬ್ಬನ ಬ್ರಷ್ಷಿಗೆ ಆಗುವ ಕೆಲಸವಲ್ಲ.

ಹಳ್ಳಿಯ ಮಾಸ್ತರರೆ, ಅಕ್ಕೋರೆ, ನಿಮ್ಮ ಸಾಲಿಯಲ್ಲಿ ಚಿತ್ರಕಲೆಗೆ ಬೇರೆ ಶಿಕ್ಷಕರು ಇರಲಿಕ್ಕಿಲ್ಲ. ಮಗು 'ಸ್ಕಿನ್ ಕಲರ್ ಕೊಡ್ರಿ' ಎಂದಾಗ ಆ ಕಡ್ಡಿ ಕೊಡುವ ಮೊದಲು ಅದರ ಕೈಯನ್ನು ಹಾಳೆಯ ಮೇಲೆ ಇಡಿಸಿ. ಯಾವ ಬಣ್ಣ ಕಾಣತೈತಿ ಎಂದು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಅಷ್ಟು ಮಾಡಿ, ಸಾಕು.