ಗಡಿವಾದವೂ ಹೀನಾಧಿಕಮಾನವೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಹೀನಾಧಿಕಮಾನೋನ್ಮಾನವನ್ನೂ ಸೇರಿಸಿದ್ದಾರೆ. ಕೊಳ್ಳುವಾಗ ಒಂದು ತೂಕ, ಮಾರುವಾಗ ಮತ್ತೊಂದು ತೂಕ ಇಟ್ಟುಕೊಳ್ಳುವುದೇ ಅದು. ವರ್ತಕರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ದೋಷ ಅಂಗಡಿಯ ತಕ್ಕಡಿಗೆ ಮಾತ್ರ ಅಂಟಿದ್ದೆಂದು ಭಾವಿಸಲಾಗದು. ಬೆಳಗಾವಿಯ ಗಡಿಯನ್ನು ಕುರಿತು ಕರ್ನಾಟಕ, ಮಹಾರಾಷ್ಟ್ರಗಳು ಮಂಡಿಸುತ್ತ ಬಂದಿರುವ ವಾದಗಳನ್ನು ಪರಿಶೀಲಿಸಿದರೆ ಅಲ್ಲಿಯೂ ಇದೇ ಅತಿಚಾರ ಕಾಣುತ್ತದೆ.

ಈ ಕಲಹದ ಮೂಲ 1956ರ ರಾಜ್ಯ ಪುನರ್ವಿಂಗಡಣೆಯೆಂಬುದು ಅರ್ಧ ಸತ್ಯ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದಾಗ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಅಲ್ಲಿಯೇ ಸೇರಿತು. 1946ರಲ್ಲಿ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯನ್ನು ಮುಂದಿಟ್ಟ ಮರಾಠಿ ಸಾಹಿತ್ಯ ಸಮ್ಮೇಳನ ನೆರೆದುದೂ ಅದೇ ಬೆಳಗಾವಿಯಲ್ಲಿ. ಊರಷ್ಟೇ ಅಲ್ಲ, ಎರಡೂ ಚಳವಳಿಗಳ ಪಾಠಶಾಲೆಯೂ ಬಹುಮಟ್ಟಿಗೆ ಒಂದೇ. ಕನ್ನಡದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ಪುಣೆಯಲ್ಲಿ ಓದಿದವರು, ತಿಲಕರ ಅನುಯಾಯಿಗಳು, ಅವರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು. ಗತಿಸಿದ ಅರಸರ ವೈಭವವನ್ನು ನೆನಪಿಸಿ ಜನರಲ್ಲಿ ಅಭಿಮಾನ ಮೂಡಿಸುವ ಮಾರ್ಗ ಎರಡೂ ಕಡೆಗೆ ಸಮಾನ: ಅಲ್ಲಿ ಶಿವಾಜಿ, ಇಲ್ಲಿ ಪುಲಿಕೇಶಿ. ಪರರ ಆಳ್ವಿಕೆಯಲ್ಲಿ ಕುಗ್ಗಿದ್ದ ಜನಕ್ಕೆ ಅದು ಅವಶ್ಯವಾಗಿತ್ತು. ಆಳುವವರು ಹೊರಟುಹೋದ ಮೇಲೆ ಅದನ್ನೇ ನೆಲದ ಹಕ್ಕುಪತ್ರವೆಂದು ನೆರೆಯವನ ಮುಂದೆ ಹಿಡಿದುದು ಅನರ್ಥಕ್ಕೆ ಕಾರಣವಾಯಿತು.

ಹೊರಗಿನ ಒಂದು ನಿದರ್ಶನವನ್ನು ನೋಡಬಹುದು. ಕ್ರಿ.ಶ. 988ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಕೀವ್ ನಗರದ ಅರಸನನ್ನು ರಷ್ಯನರೂ ಉಕ್ರೇನಿಯನರೂ ತಮ್ಮ ಮೂಲಪುರುಷನೆನ್ನುತ್ತಾರೆ. ಒಬ್ಬರಿಗೆ ಆತ ವ್ಲಾದಿಮಿರ್, ಇನ್ನೊಬ್ಬರಿಗೆ ವೊಲೊದಿಮಿರ್. ಎರಡೂ ಜನ ಒಂದೇ ಎಂದು ಅಧ್ಯಕ್ಷ ಪುಟಿನ್ 2021ರಲ್ಲಿ ದೀರ್ಘ ಲೇಖನ ಬರೆದರು. 2022ರ ಫೆಬ್ರವರಿಯಲ್ಲಿ ಅವರ ಸೇನೆ ಗಡಿ ದಾಟಿತು. ನಮ್ಮದು ಒಂದೇ ಸಂವಿಧಾನದ ಒಳಗಿನ ವ್ಯಾಜ್ಯ, ಹೋಲಿಕೆಯನ್ನು ಬೆಳೆಸಬಾರದು. ಅಣ್ಣತಮ್ಮಂದಿರೆಂಬ ಮಾತೇ ಪಾಲು ಕೇಳುವ ಸಾಧನವಾಗಬಲ್ಲದೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಇನ್ನು ತೂಕದ ವಿಷಯ. ಗ್ರಾಮವನ್ನು ಘಟಕವಾಗಿಟ್ಟುಕೊಂಡು ಭಾಷಿಕರ ಬಹುಮತ, ಭೂಭಾಗದ ಸಾಮೀಪ್ಯ, ಜನರ ಇಚ್ಛೆಗಳನ್ನು ನೋಡಬೇಕೆಂಬುದು ಮಹಾರಾಷ್ಟ್ರದ ವಾದ. 1951ರ ಜನಗಣತಿಯಂತೆ ಬೆಳಗಾವಿ ನಗರದಲ್ಲಿ ಮರಾಠಿ ಮಾತಿನವರೇ ಅಧಿಕ. ಇದನ್ನು ನಮ್ಮವರು ಮುಚ್ಚಿಡುವುದು ತರವಲ್ಲ. ಆದರೆ ಆ ರಾಜ್ಯದ ಒತ್ತಾಯದಿಂದಲೇ 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟು, ನಿಪ್ಪಾಣಿ, ಖಾನಾಪುರ ಸೇರಿದಂತೆ 264 ಗ್ರಾಮಗಳು ಅತ್ತ, ಅಕ್ಕಲಕೋಟೆ ಮೊದಲಾದ ಕಡೆಯ 247 ಗ್ರಾಮಗಳು ಇತ್ತ, ಬೆಳಗಾವಿ ಇದ್ದಲ್ಲಿಯೇ ಎಂದಾಗ, ಬೇಡಿದವರೇ ಅದನ್ನು ತಳ್ಳಿಹಾಕಿದರು. ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುತ್ತೇವೆಂದ ಮಾತು 2022ರಲ್ಲಿ ಚರ್ಚೆಗೆ ಬಂದಾಗ ಒಂದು ಹಳ್ಳಿಯೂ ಹೋಗದೆಂಬ ಉತ್ತರ ಬಂದಿತು. ಜನರ ಇಚ್ಛೆಯ ತೂಕದ ಕಲ್ಲು ಅಂದು ಎಲ್ಲಿ ಹೋಗಿತ್ತು?

ನಮ್ಮ ತಕ್ಕಡಿಯೂ ನೆಟ್ಟಗಿಲ್ಲ. ಮಹಾಜನ ವರದಿಯೇ ಅಂತಿಮವೆನ್ನುವ ನಾಲಿಗೆಯೇ ಒಂದಂಗುಲ ನೆಲವನ್ನೂ ಬಿಡೆವೆನ್ನುತ್ತದೆ. ನಿಪ್ಪಾಣಿ, ಖಾನಾಪುರಗಳು ಅದೇ ವರದಿಯಲ್ಲಿ ಎಲ್ಲಿವೆಯೆಂಬುದನ್ನು ಹೇಳುವುದಿಲ್ಲ. ಕಾಸರಗೋಡಿಗೆ ಹೋದಾಗ ಭಾಷೆಯ ಮಾತು, ಬೆಳಗಾವಿಗೆ ಬಂದಾಗ ಚರಿತ್ರೆಯ ಮಾತು. ನಯವೊಂದು ಉಳಿದ ನಯಗಳನ್ನು ಅಲ್ಲಗಳೆದಾಗ ದುರ್ನಯವಾಗುವುದೆಂದು ನಮ್ಮ ಆಚಾರ್ಯರು ಹೇಳಿದರು. ಲಾಭ ನೋಡಿ ನಯವನ್ನೇ ಬದಲಿಸುವವನಿಗೆ ಅವರು ಯಾವ ಹೆಸರಿಡುತ್ತಿದ್ದರೋ.

ಕವಿರಾಜಮಾರ್ಗದ ವಿಷಯದಲ್ಲಿ ನಮ್ಮ ಸಮಾಜದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಜಿನಭಕ್ತನಾದ ಅಮೋಘವರ್ಷ ನೃಪತುಂಗನ ಆಸ್ಥಾನದ ಗ್ರಂಥವೆಂಬ ಹೆಮ್ಮೆಯಿಂದ, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೇಳುವ ಅದರ ಪದ್ಯವನ್ನು ಗಡಿ ಸಭೆಗಳಲ್ಲಿ ಉದ್ಧರಿಸುತ್ತೇವೆ. ಅದು ಒಂಬತ್ತನೆಯ ಶತಮಾನದ ಕಾವ್ಯಲಕ್ಷಣ ಗ್ರಂಥ, ಕಂದಾಯದ ಪಹಣಿಯಲ್ಲ. ಪರರ ವಿಚಾರವನ್ನು ಸೈರಿಸುವುದರ ಬೆಲೆಯನ್ನೂ ಅದೇ ಗ್ರಂಥ ಹೇಳಿದೆ. ಆ ಪದ್ಯ ಸಭೆಗಳಲ್ಲಿ ಕೇಳಿಬಂದುದು ವಿರಳ.

ಗಡಿಯ ಜೈನರಿಗೆ ಎರಡು ಭಾಷೆ ಹೊಸತಲ್ಲ. ಚಾರಿತ್ರಚಕ್ರವರ್ತಿ ಶಾಂತಿಸಾಗರ ಮುನಿಗಳು 1872ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಜನಿಸಿ 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಮಾಧಿ ಹೊಂದಿದರು. ಸದಲಗಾದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ಕೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದು, ಮಹಾಜನ ವರದಿ ಬಂದ 1967ರಲ್ಲಿಯೇ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಲ್ಲಿಯ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಕಾರ್ಯವನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಕೆತ್ತಿದ್ದಾರೆ.

1986ರ ಭಾಷಾ ಗಲಭೆಯಲ್ಲಿ ಪ್ರಾಣಗಳು ಹೋದವು. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು; ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಯಶವಂತಪುರದ ಮಂಡಿಗೆ ಈರುಳ್ಳಿ ತರುವ ಚಾಲಕನಿಗೂ ಆಯೋಗದ ವರದಿಗೂ ಏನು ಸಂಬಂಧ? ಮಹಾರಾಷ್ಟ್ರವು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇತ್ಯರ್ಥವಾಗದೆ ಉಳಿದಿದೆ. ತೀರ್ಪು ಬರುವವರೆಗೆ ಎರಡೂ ಸರ್ಕಾರಗಳು ಒಂದು ಲೆಕ್ಕವನ್ನಾದರೂ ಪ್ರಕಟಿಸಲಿ: ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಎಷ್ಟು ಶಿಕ್ಷಕರು, ಖಾನಾಪುರದ ಮರಾಠಿ ಶಾಲೆಗಳಿಗೆ ಎಷ್ಟು, ಖಾಲಿ ಬಿದ್ದ ಹುದ್ದೆಗಳೆಷ್ಟು.